ಮೊದಲು ಬೂತಿಗೆ ಹೋಗು, ಮಗಾ

ದೇಶಕ್ಕೆ ಇಂಥ ಗಂಡಾಂತರ ಬಂದಿದ್ದರೂ ಜನ ಯಾಕೆ ನಮ್ಮ ಕಡೆ ತಿರುಗುತ್ತಿಲ್ಲ ಅಂತ ಕೇಳಿದೆಯಲ್ಲ, ಆ ಪ್ರಶ್ನೆಯಲ್ಲಿ ಸಿಟ್ಟಿತ್ತು. ಆಳುವವರ ಮೇಲಿನ ಸಿಟ್ಟಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ನಿನ್ನ ಸಿಟ್ಟು ಮತದಾರರ ಮೇಲೆ. ಅದನ್ನು ಮೊದಲು ಬಿಡು. ಮಿಕ್ಕಿದ್ದೆಲ್ಲ ನಿನ್ನಲ್ಲಿ ಚೆನ್ನಾಗಿಯೇ ಇದೆ. ಹಗಲೆಲ್ಲ ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿದು, ರಾತ್ರಿ ಪಕ್ಷದ ಕೆಲಸ ಅಂತ ನಿದ್ದೆಗೆಡುವ ಹುಡುಗರು ಎಷ್ಟು ಜನ ಸಿಗುತ್ತಾರೆ? ಓದಿದ್ದೀಯ, ಮಾತು ಬಲ್ಲೆ, ಕೈ ಶುದ್ಧವಾಗಿದೆ. ಆದರೆ ಅವಸರಗಾರ. ಸಂಜೆ ಪೋಸ್ಟ್ ಹಾಕಿದರೆ ಬೆಳಗಾಗುವಷ್ಟರಲ್ಲಿ ಊರೆಲ್ಲ ಎದ್ದು ನಿಲ್ಲಬೇಕು ನಿನಗೆ.

ನಿನ್ನ ಪಕ್ಷದ ಹೆಸರು ನಾನಿಲ್ಲಿ ಎತ್ತುವುದಿಲ್ಲ. ಈಗ ದೆಹಲಿಯಲ್ಲಿ ವಿರೋಧ ಪಕ್ಷವಾಗಿರುವವರು ವಿಧಾನಸೌಧದಲ್ಲಿ ಆಳುವವರು, ವಿಧಾನಸೌಧದಲ್ಲಿ ವಿರೋಧ ಪಕ್ಷವಾಗಿರುವವರು ಅಲ್ಲಿ ಆಳುವವರು. ನಾನು ಹೇಳುವುದು ಇಬ್ಬರಿಗೂ ಸಲ್ಲುವ ಮಾತು.

ಮಾತೆತ್ತಿದರೆ 1977 ಅನ್ನುತ್ತೀಯ. ಜನ ಎದ್ದರು, ಇಂದಿರಾ ಗಾಂಧಿಯವರನ್ನೇ ಸೋಲಿಸಿದರು ಅಂತ. ನಿಜ. ಉತ್ತರ ಪ್ರದೇಶದ 85 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ ಒಂದೂ ದಕ್ಕಲಿಲ್ಲ. ಆದರೆ ನಮ್ಮ ಕರ್ನಾಟಕದಲ್ಲಿ ಏನಾಯಿತು ಅಂತ ಯಾವತ್ತಾದರೂ ತೆಗೆದು ನೋಡಿದ್ದೀಯಾ? 28ರಲ್ಲಿ 26 ಕಾಂಗ್ರೆಸ್. ಜನತಾ ಪಕ್ಷಕ್ಕೆ ಬಂದದ್ದು ಎರಡೇ ಎರಡು. ಬೆಂಗಳೂರು ದಕ್ಷಿಣದಲ್ಲಿ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಹೆಗ್ಡೆ ಗೆದ್ದರು, ಇನ್ನೊಂದು ಹಾಸನ. ನೇಗಿಲು ಹೊತ್ತ ರೈತನ ಗುರುತು ಹಿಡಿದು ಬಂದ ಪಕ್ಷಕ್ಕೆ ನೇಗಿಲು ಹಿಡಿದವರೇ ಮತ ಹಾಕಲಿಲ್ಲ.

ಇಲ್ಲಿಯವರಿಗೆ ತುರ್ತುಪರಿಸ್ಥಿತಿಯ ಬಿಸಿ ತಟ್ಟಿರಲಿಲ್ಲ ಅಂತ ತಿಳಿಯಬೇಡ. ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಸಂಸದೀಯ ಸಮಿತಿಯ ಸಭೆಗೆ ಅಂತ ಬೆಂಗಳೂರಿಗೆ ಬಂದಿದ್ದರು. 1975ರ ಜೂನ್ 26ರಂದು ಅವರನ್ನು ಹಿಡಿದದ್ದು ಇಲ್ಲೇ, ಇಟ್ಟದ್ದು ಈಗ ನೀವೆಲ್ಲ ಧರಣಿ ಕೂರುವ ಫ್ರೀಡಂ ಪಾರ್ಕ್ ಜಾಗದಲ್ಲಿದ್ದ ಸೆಂಟ್ರಲ್ ಜೈಲಿನಲ್ಲಿ. ನಟಿ ಸ್ನೇಹಲತಾ ರೆಡ್ಡಿಯವರು ಅದೇ ಜೈಲಿನಲ್ಲಿ ತಿಂಗಳುಗಟ್ಟಲೆ ಉಬ್ಬಸದಿಂದ ನರಳಿ, ಬಿಡುಗಡೆಯಾದ ಸ್ವಲ್ಪ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಆಗ ನಡೆದದ್ದು ಅನ್ಯಾಯವೇ. ಅದರಲ್ಲಿ ಎರಡು ಮಾತಿಲ್ಲ. ಅಷ್ಟಾದರೂ 28ಕ್ಕೆ 26.

ಯಾಕೆ ಅಂತ ಕೇಳಿದರೆ ನಿನ್ನ ಗೆಳೆಯರು ಜಾತಿ ಅನ್ನುತ್ತಾರೆ, ಹಣ ಅನ್ನುತ್ತಾರೆ, ಹಳ್ಳಿಯವರಿಗೆ ತಿಳಿವಳಿಕೆ ಕಡಿಮೆ ಅನ್ನುತ್ತಾರೆ. ಕೊನೆಯ ಮಾತು ನನ್ನ ಮುಂದೆ ಆಡಬೇಡ. ತುಮಕೂರು ಕಡೆಯ ನಮ್ಮೂರಿನಲ್ಲಿ ಒಬ್ಬರು ತಲೆಮಾರುಗಳಿಂದ ಗೇಣಿಗೆ ಉಳುತ್ತಿದ್ದರು. ದೇವರಾಜ ಅರಸು ಅವರ ಕಾಂಗ್ರೆಸ್ ಸರ್ಕಾರ 1974ರಲ್ಲಿ ಭೂಸುಧಾರಣೆ ಕಾಯ್ದೆ ತಿದ್ದಿತಲ್ಲ, ಆಗ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು. ಊರ ಬಾಯಲ್ಲಿ ಅದು 'ಡಿಕ್ಲರೇಷನ್'. ಓದು ಬರಹ ಇಲ್ಲದ ಆ ಮನುಷ್ಯ ಇನ್ನೊಬ್ಬರ ಕೈಲಿ ಅರ್ಜಿ ಬರೆಸಿ, ಹೆಬ್ಬೆಟ್ಟು ಒತ್ತಿ, ಧಣಿಯ ಕಣ್ಣು ತಪ್ಪಿಸಿ ತಾಲ್ಲೂಕು ಕಚೇರಿಗೆ ನಡೆದುಕೊಂಡು ಹೋಗಿ ಕೊಟ್ಟು ಬಂದರು. ಭೂ ನ್ಯಾಯಮಂಡಳಿಯ ಆದೇಶ ಕೈಗೆ ಬಂದ ಮೇಲೆ ಅದನ್ನು ಮಗಳ ಮದುವೆ ಸೀರೆಯ ಮಡಿಕೆಯೊಳಗಿಟ್ಟು ಟ್ರಂಕಿಗೆ ಬೀಗ ಹಾಕಿದರು. ಚುನಾವಣೆ ಬಂತು. ಪಟ್ಟಣದಿಂದ ಹುಡುಗರು ಬಂದು ಪತ್ರಿಕಾ ಸ್ವಾತಂತ್ರ್ಯ ಹೋಯಿತು, ಸಂವಿಧಾನ ಹೋಯಿತು ಅಂದರು. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ ಒಂದೇ ಪ್ರಶ್ನೆ ಹಾಕಿದರು: ನೀವು ಬಂದರೆ ನನ್ನ ಹೊಲ ನನಗೇ ಇರುತ್ತಾ? ಹುಡುಗರು ಆ ಪ್ರಶ್ನೆಗೆ ತಯಾರಾಗಿ ಬಂದಿರಲಿಲ್ಲ. ಇರುತ್ತೆ, ಇರುತ್ತೆ ಅಂತ ಹೇಳಿ ಮತ್ತೆ ಸಂವಿಧಾನಕ್ಕೆ ಹೋದರು. ಆ ಮನುಷ್ಯನ ಮತ ಅಲ್ಲಿಗೇ ಅವರ ಕೈತಪ್ಪಿತು.

ಹಿಂದುಳಿದವರ ಪಾಲು ಹೇಳಿದ ಹಾವನೂರು ಆಯೋಗದ ವರದಿ ಬಂದಿದ್ದು 1975ರಲ್ಲಿ. ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಿದ ಕಿಯೋನಿಕ್ಸ್ ಶುರುವಾದದ್ದು 1976ರಲ್ಲಿ. ಎಲ್ಲ ಆ ಕಾಲದ್ದೇ. ಜನ ಒಂದು ಕಣ್ಣಲ್ಲಿ ಜೈಲು ನೋಡಿದರು, ಇನ್ನೊಂದು ಕಣ್ಣಲ್ಲಿ ತಮ್ಮ ಮನೆಗೆ ಬಂದ ಕಾಗದ ನೋಡಿದರು. ಉತ್ತರದಲ್ಲಿ ಇಂದಿರಾ ಸರ್ಕಾರ ಬಲವಂತದ ಸಂತಾನಹರಣ ಆಪರೇಷನ್ ರೂಪದಲ್ಲಿ ಮನೆಯೊಳಗೇ ನುಗ್ಗಿತ್ತು. ಇಲ್ಲಿ ಅಷ್ಟು ನುಗ್ಗಿರಲಿಲ್ಲ. ವ್ಯತ್ಯಾಸ ಅಲ್ಲಿದೆ.

ಇಷ್ಟಾದ ಮೇಲೂ ಜನತಾ ಪಕ್ಷದವರು ಪಾಠ ಕಲಿಯಲಿಲ್ಲ, ಕೇಳು. ದೆಹಲಿಯಲ್ಲಿ ಗೆದ್ದ ಹುಮ್ಮಸ್ಸಿನಲ್ಲಿ ಅರಸು ಮೇಲಿನ ಆರೋಪಗಳ ತನಿಖೆಗೆ ಗ್ರೋವರ್ ಆಯೋಗ ಕೂರಿಸಿದರು. 1977ರ ಡಿಸೆಂಬರ್ 31ರಂದು ರಾಷ್ಟ್ರಪತಿ ಆಳ್ವಿಕೆ ಹೇರಿದರು. ಎರಡು ತಿಂಗಳಿಗೆ ವಿಧಾನಸಭೆ ಚುನಾವಣೆ. ಅರಸು 149, ಜನತಾ 59. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ, ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರಂಥವರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿ ಸಂಸತ್ತಿಗೆ ವಾಪಸು ಹೋದರು. ಎದುರಾಳಿ ಕೆಟ್ಟವನು ಅಂತ ಸಾಬೀತು ಮಾಡಿದರೆ ಸಾಕು, ಮತ ತಾನಾಗಿ ಬರುತ್ತದೆ ಅಂತ ಜನತಾದವರು ನಂಬಿದ್ದರು. ನಿನ್ನ ವಾಟ್ಸಾಪ್ ಗುಂಪು ಇವತ್ತಿಗೂ ಅದನ್ನೇ ನಂಬಿದೆ.

ಹಾಗಾದರೆ ಯಾವಾಗ ಬಂತು ಮತ? 1983ರಲ್ಲಿ. ತುರ್ತುಪರಿಸ್ಥಿತಿಯ ಮಾತೇ ಹಳೆಯದಾದ ಮೇಲೆ. 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರು ಎದ್ದು ಗುಂಡೇಟು ತಿಂದರು. 1982ರಲ್ಲಿ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಬೀದಿಗಿಳಿದರು. ಇವೆರಡರ ನಡುವೆ ನಮ್ಮ ಮುಷ್ಕರ. 1980ರ ಡಿಸೆಂಬರ್ ಕೊನೆಯಲ್ಲಿ ಶುರುವಾಗಿ 77 ದಿನ. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್, ಎಲ್ಲ ಕಡೆ ಯಂತ್ರ ನಿಂತವು, ಲಕ್ಷಕ್ಕೂ ಮಿಕ್ಕಿದ ಕಾರ್ಮಿಕರು ಹೊರಗೆ. ಆಗ ನಾನು ಜಾಲಹಳ್ಳಿ ಕಡೆ ಲೇತ್ ಮೇಲೆ ಕೆಲಸಕ್ಕಿದ್ದೆ. ಮನೆಯಲ್ಲಿ ಕೈಗೂಸು. ಒಂದು ಸಂಜೆ ವಿರೋಧ ಪಕ್ಷದ ಇಬ್ಬರು ಬಂದರು. ಬಾಗಿಲಲ್ಲಿ ನಿಂತು ಭಾಷಣ ಮಾಡಲಿಲ್ಲ. ನಿನ್ನಜ್ಜಿಯನ್ನು, 'ಅಕ್ಕಾ, ಅಕ್ಕಿ ಇದೆಯಾ, ಮಗುವಿಗೆ ಹಾಲಿಗೆ ಏನು ಮಾಡಿದ್ದೀರಿ' ಅಂತ ಕೇಳಿದರು. ಅವಳು ಇಲ್ಲ ಅನ್ನಲು ನಾಚಿ ಇದೆ ಅಂದಳು. ಮರುದಿನ ಅವರು ಅಂಗಡಿಯವರ ಹತ್ತಿರ ಹೋಗಿ, ನಮ್ಮ ಬೀದಿಯವರಿಗೆಲ್ಲ ಸಾಲ ಬರೆದುಕೊಳ್ಳಿ ಅಂತ ಜಾಮೀನು ನಿಂತರು. ಮತದ ಮಾತು ಅವತ್ತು ಅವರ ಬಾಯಲ್ಲಿ ಬರಲೇ ಇಲ್ಲ. 1983ರ ಜನವರಿಯಲ್ಲಿ ಅವರು ಮತ ಕೇಳಲು ಬಂದಾಗ ನಿನ್ನಜ್ಜಿ ಒಳಗೆ ಕರೆದು ಕಾಫಿ ಕೊಟ್ಟಳು. ಜನತಾ ಪಕ್ಷಕ್ಕೆ 95 ಬಂತು, ಕಾಂಗ್ರೆಸ್ 82ಕ್ಕೆ ಇಳಿಯಿತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಅದು.

ಗೆದ್ದ ಮೇಲೂ ನೋಡು. 1984ರ ಡಿಸೆಂಬರ್‌ನಲ್ಲಿ, ಇಂದಿರಾ ಹತ್ಯೆಯ ನಂತರದ ಲೋಕಸಭೆ ಚುನಾವಣೆಯಲ್ಲಿ, ಇದೇ ಜನ ಕಾಂಗ್ರೆಸ್ಸಿಗೆ 24 ಸ್ಥಾನ ಕೊಟ್ಟರು. ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. ಮೂರೇ ತಿಂಗಳು. 1985ರ ಮಾರ್ಚ್‌ನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 139 ಕೊಟ್ಟರು. ಊರೂರಿಗೆ ಬೋರ್‌ವೆಲ್ ಹಾಕಿಸಿದ ಅಬ್ದುಲ್ ನಜೀರ್ ಸಾಬರನ್ನು ಹಳ್ಳಿಯವರು 'ನೀರ್ ಸಾಬ್' ಅಂತ ಕರೆಯುತ್ತಿದ್ದ ಕಾಲ ಅದು. ದೆಹಲಿಗೆ ಒಂದು ಲೆಕ್ಕ, ಬೆಂಗಳೂರಿಗೆ ಒಂದು ಲೆಕ್ಕ ಇಟ್ಟುಕೊಳ್ಳಬಲ್ಲ ಮತದಾರರನ್ನು ದಡ್ಡರು ಅನ್ನಲು ನಿನಗೆ ಬಾಯಿ ಹೇಗೆ ಬಂತೋ!

ಈಗ ನಿನ್ನ ಬೆಂಗಳೂರಿಗೆ ಬಾ. 2016ರ ಏಪ್ರಿಲ್ 18, 19. ಆಗ ನೀನಿನ್ನೂ ಶಾಲೆಯಲ್ಲಿದ್ದೆ. ಪಿಎಫ್ ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ನಿಯಮ ತಂದಿತ್ತು. ಗಾರ್ಮೆಂಟ್ಸ್‌ನ ಹೆಂಗಸರು ಹೊಲಿಗೆ ಯಂತ್ರ ಬಿಟ್ಟು ಹೊಸೂರು ರಸ್ತೆಗೆ ಬಂದು ಕೂತರು. ಬೊಮ್ಮನಹಳ್ಳಿ, ಹೆಬ್ಬಗೋಡಿ, ಈ ಕಡೆ ಜಾಲಹಳ್ಳಿ ಕ್ರಾಸ್. ಎರಡನೆಯ ದಿನ ಕಲ್ಲು, ಬೆಂಕಿ, ಲಾಠಿ, ಅಶ್ರುವಾಯು ಎಲ್ಲ ಆಯಿತು. ಆ ಸಂಜೆಯೇ ಕೇಂದ್ರ ಸರ್ಕಾರ ನಿಯಮ ಹಿಂದಕ್ಕೆ ಪಡೆಯಿತು. ಅವರನ್ನು ಯಾವ ಪಕ್ಷವೂ ಕರೆತಂದಿರಲಿಲ್ಲ. ಸಂಘಟನೆಗಳಿಗೇ ಮುಂಚೆ ಗೊತ್ತಿರಲಿಲ್ಲ. ಮಗಳ ಮದುವೆ, ಶಾಲೆಯ ಫೀಸು, ಬಾಗಿಲಲ್ಲೇ ನಿಂತ ಸಾಲಗಾರ, ಇವಕ್ಕೆಲ್ಲ ಆ ಹಣವೇ ಆಧಾರ ಅಂತ ಪೀಣ್ಯದ ವಠಾರದಲ್ಲಿ ಒಂದು ವಾರ ಕೂತಿದ್ದರೂ ತಿಳಿಯುತ್ತಿತ್ತು. ಯಾವ ಪಕ್ಷದವರೂ ಕೂತಿರಲಿಲ್ಲ.

ನೀನು ವೈಟ್‌ಫೀಲ್ಡಿನಲ್ಲಿ ನಿಂತು ಪ್ರಜಾಪ್ರಭುತ್ವಕ್ಕೆ ಅಪಾಯ ಅನ್ನುತ್ತೀಯ. ಕೇಳುವವರು 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದು ಕಾದು ಸುಸ್ತಾದವರು. ಅವರಿಗೆ ಹೇಳಬೇಕಾದ್ದು ಬೇರೆ. ಬಿಬಿಎಂಪಿ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಚುನಾವಣೆಯೇ ಇಲ್ಲದೆ ವರ್ಷಗಳು ಹೋದವು, ಪಾಲಿಕೆಯೇ ಹೋಗಿ 2025ರಲ್ಲಿ ಐದು ಪಾಲಿಕೆಗಳಾದವು. ಆ ಐದು ವರ್ಷ ನಿಮ್ಮ ಮೋರಿ ಕಟ್ಟಿದಾಗ ಬೈಯಲು ಒಬ್ಬ ಕಾರ್ಪೊರೇಟರ್ ಇದ್ದನಾ ಅಂತ ಕೇಳು. 110 ಹಳ್ಳಿಗಳಿಗೆ ಅಂತ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತಲ್ಲ, ನಿಮ್ಮ ಮನೆ ನಲ್ಲಿಗೆ ಬಂತಾ ಅಂತ ಕೇಳು. ಪ್ರಜಾಪ್ರಭುತ್ವ ಎಲ್ಲಿ ತಪ್ಪಿದೆ ಅಂತ ಆಗ ಅವರೇ ನಿನಗೆ ಹೇಳುತ್ತಾರೆ. ಇಂಥ ತಪ್ಪಿನಲ್ಲಿ ನಿನ್ನ ಪಕ್ಷದ ಪಾಲೂ ಇದ್ದರೆ ತಲೆ ತಗ್ಗಿಸಿ ಒಪ್ಪಿಕೋ. ವಾದಕ್ಕಿಳಿಯಬೇಡ, ಅದು ನಿನ್ನ ದೊಡ್ಡ ಚಾಳಿ.

ಮತ್ತೆ ಮತದಾರರ ಪಟ್ಟಿ. 2025ರ ಆಗಸ್ಟ್‌ನಲ್ಲಿ ನಮ್ಮ ಮಹದೇವಪುರ ದೇಶದ ಸುದ್ದಿಯಾಯಿತು. ಪಟ್ಟಿಯಲ್ಲಿ ಲಕ್ಷದಷ್ಟು ಸುಳ್ಳು ಮತ ಸೇರಿವೆ ಅಂತ ರಾಹುಲ್ ಗಾಂಧಿ ಆರೋಪ ಮಾಡಿದರು, ಚುನಾವಣಾ ಆಯೋಗ ಒಪ್ಪಲಿಲ್ಲ. ಯಾರು ಸರಿ ಅಂತ ತೀರ್ಪು ಕೊಡುವ ಜಾಗದಲ್ಲಿ ನಾನಿಲ್ಲ. ನಿನ್ನನ್ನು ಒಂದು ಕೇಳುತ್ತೇನೆ: ನಿನ್ನ ಬೂತಿನ ಕರಡು ಪಟ್ಟಿಯನ್ನು ನೀನು ಓದಿದ್ದೀಯಾ? ಮಾನ್ಯತೆ ಪಡೆದ ಪ್ರತಿ ಪಕ್ಷಕ್ಕೂ ಬೂತಿಗೊಬ್ಬ ಏಜೆಂಟ್ ಇಡುವ ಹಕ್ಕಿದೆ. ಕರಡು ಹೊರಬಂದಾಗ ಆಕ್ಷೇಪಣೆ ಹಾಕಲು ದಿನ ಕೊಡುತ್ತಾರೆ. ಆ ದಿನಗಳಲ್ಲಿ ನಿಮ್ಮವರು ಎಲ್ಲಿದ್ದರು? ಸತ್ತವರ ಹೆಸರು, ಮನೆ ಖಾಲಿ ಮಾಡಿ ಹೋದವರ ಹೆಸರು ಬೀದಿಯ ಇಸ್ತ್ರಿ ಅಂಗಡಿಯವರಿಗೆ ಗೊತ್ತಿರುತ್ತದೆ. ಅವರ ಪಕ್ಕ ಪಟ್ಟಿ ಹಿಡಿದು ಕೂತರೆ ಒಂದು ಸಂಜೆಯಲ್ಲಿ ಮುಗಿಯುವ ಕೆಲಸ.

2024ರ ಲೋಕಸಭೆ ಚುನಾವಣೆಯಲ್ಲಿ ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಮೂರರಲ್ಲೂ ಮತದಾನ ನೂರಕ್ಕೆ 54ರ ಆಸುಪಾಸು. ಮಿಕ್ಕವರಿಗೆ ಕಾಳಜಿ ಇಲ್ಲ ಅಂತ ನೀನು ಬರೆದೆ. ನಿನ್ನ ಆಫೀಸಿನಲ್ಲೇ ವಿಚಾರಿಸು. ಒಬ್ಬನ ಹೆಸರು ಕಲಬುರಗಿಯಲ್ಲಿ, ಇನ್ನೊಬ್ಬಳದು ಹಿಂದಿನ ಪಿಜಿ ಇದ್ದ ಬೊಮ್ಮಸಂದ್ರದಲ್ಲಿ, ಮತ್ತೊಬ್ಬನದು ಎಲ್ಲೂ ಇಲ್ಲ. ಹೊಸದಾಗಿ ಸೇರಲು ನಮೂನೆ 6, ವಿಳಾಸ ಬದಲಿಸಲು ನಮೂನೆ 8. ಇಷ್ಟು ಮಾಡಿಕೊಡುವವರಿಲ್ಲ. ಮಾಡಿಕೊಡುವಾಗ ನೀನು ಯಾರಿಗೆ ಹಾಕುತ್ತೀಯ ಅಂತ ಕೇಳಬೇಡ. ಬೇರೆಯವರಿಗೆ ಹಾಕುವವರ ಹೆಸರನ್ನೂ ಸೇರಿಸಿಕೊಡು. ಅಷ್ಟು ಮನಸ್ಸು ದೊಡ್ಡದಿಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡ.

ಸೋಲುತ್ತೀಯ, ಅದಕ್ಕೂ ತಯಾರಾಗಿರು. 1978ರಲ್ಲಿ ಸೋತವರಲ್ಲಿ ಎಷ್ಟೋ ಜನ ಮನೆ ಸೇರಿದರು, ಕೆಲವರು ಗೆದ್ದವರ ಜೊತೆ ಹೋದರು. ಉಳಿದವರೇ ಮುಷ್ಕರದಲ್ಲಿ ನಮ್ಮ ಬಾಗಿಲಿಗೆ ಬಂದದ್ದು.

ಬರುವ ಭಾನುವಾರ ದಾಸರಹಳ್ಳಿಗೆ ಬಾ. ನಮ್ಮ ಹಿಂದಿನ ಬೀದಿಯ ವಠಾರದಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ವಾರದ ಬಟ್ಟೆ ಒಗೆದು ಮುಗಿಸಿ ಹತ್ತು ಗಂಟೆಯ ಮೇಲೆ ಮಾತಿಗೆ ಸಿಗುತ್ತಾರೆ. ಬೂತ್ ಮಟ್ಟದ ಅಧಿಕಾರಿ ನಮ್ಮ ಅಂಗನವಾಡಿಯ ಮೇಡಂ, ಅವರಿಗೂ ಹೇಳಿಟ್ಟಿರುತ್ತೇನೆ. ನಮೂನೆ 8 ಒಂದಿಪ್ಪತ್ತು ಪ್ರತಿ ತಾ, ಬರೆಯಲು ಎರಡು ಪೆನ್ನು. ಪಕ್ಷದ ಶಾಲು ಮನೆಯಲ್ಲೇ ಬಿಟ್ಟು ಬಾ. ತಿಂಡಿಗೆ ನಿನ್ನಜ್ಜಿ ಕಾಯುತ್ತಾಳೆ, ಬೇಗ ಹೊರಡು, ಗೊರಗುಂಟೆಪಾಳ್ಯದಲ್ಲಿ ಭಾನುವಾರವೂ ಟ್ರಾಫಿಕ್ಕು.