ಮೊದಲು ಕೋಣೆ, ಆಮೇಲೆ ಆಂಪ್: ಕ್ಲಾಸಿಕ್ ರಾಕ್ ಲೀಡ್ ನುಡಿಸುವವರಿಗೆ ಯಶಸ್ಸಿನ ಸೂತ್ರಗಳು

1966ರಲ್ಲಿ ಜಾನ್ ಮೇಯಲ್ ತಂಡದ ಜೊತೆ ಲಂಡನ್ನಿನ ಡೆಕ್ಕಾ ಸ್ಟುಡಿಯೊಗೆ ಹೋದ ಎರಿಕ್ ಕ್ಲ್ಯಾಪ್ಟನ್ ತಮ್ಮ ಗಿಬ್ಸನ್ ಲೆಸ್ ಪಾಲ್ ಗಿಟಾರನ್ನು ಮಾರ್ಷಲ್ ಕಾಂಬೊಗೆ ಜೋಡಿಸಿ, ವೇದಿಕೆಯ ಮೇಲೆ ನುಡಿಸುವಷ್ಟೇ ಜೋರಾಗಿ ನುಡಿಸುತ್ತೇನೆ ಎಂದು ಪಟ್ಟು ಹಿಡಿದರು. ಸ್ಟುಡಿಯೊದಲ್ಲಿ ಸದ್ದು ತಗ್ಗಿಸಿಯೇ ರೆಕಾರ್ಡ್ ಮಾಡುವುದು ಆಗಿನ ರೂಢಿ. ಅಲ್ಲಿ ರೆಕಾರ್ಡ್ ಆದ ಆಲ್ಬಮ್ ಬಂದ ಮೇಲೆ ಲೀಡ್ ಗಿಟಾರ್ ಹೇಗೆ ಕೇಳಿಸಬೇಕು ಎಂಬ ಕಲ್ಪನೆಯೇ ಬದಲಾಯಿತು. ದಪ್ಪನೆಯ, ಬೆರಳು ಬಿಡುವವರೆಗೂ ನಿಲ್ಲುವ, ಅಂಚಿನಲ್ಲಿ ಕೊಂಚ ಒರಟಾದ ಆ ಸ್ವರವನ್ನೇ ಇಂದಿಗೂ ನಾವೆಲ್ಲ ಹುಡುಕುತ್ತಿರುವುದು.

ಆ ಸ್ವರ ಹುಟ್ಟುವುದು ಆಂಪ್ ದುಡಿಯುವಾಗ. ಪವರ್ ಟ್ಯೂಬ್‌ಗಳು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಮೂರೂ ತಮ್ಮ ಮಿತಿಯ ಹತ್ತಿರ ಬಂದಾಗ ಸ್ವರದ ಅಲೆ ಮೇಲುಗಡೆ ಮೆಲ್ಲಗೆ ಚಪ್ಪಟೆಯಾಗುತ್ತದೆ. ನಮ್ಮ ಕಿವಿಗೆ ಅದು ಬಿಸುಪಾಗಿ, ತುಂಬಿಕೊಂಡು ಕೇಳುತ್ತದೆ. ಮುಂದಿನ ಸೂತ್ರಗಳೆಲ್ಲ ಹುಟ್ಟುವುದು ಒಂದೇ ಪ್ರಶ್ನೆಯಿಂದ: ನೀವು ನುಡಿಸುವ ಜಾಗದಲ್ಲಿ ಈ ಆಂಪ್ ದುಡಿಯುವ ಮಟ್ಟಕ್ಕೆ ಬರುತ್ತದೆಯೇ?

1. ವ್ಯಾಟ್ ನೋಡಿ ಮರುಳಾಗಬೇಡಿ

50 ವ್ಯಾಟ್‌ಗಿಂತ 100 ವ್ಯಾಟ್ ಎರಡು ಪಟ್ಟು ಜೋರು ಎಂದು ಬಹಳ ಜನ ನಂಬಿದ್ದಾರೆ. ನಿಜವಾಗಿ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 5 ವ್ಯಾಟ್ ಆಂಪ್ 50 ವ್ಯಾಟ್ ಆಂಪಿನ ಅರ್ಧದಷ್ಟು ಜೋರಾಗಿ ಕೇಳಿಸುತ್ತದೆ. ಸೆಲೆಸ್ಟಿಯನ್ ಗ್ರೀನ್‌ಬ್ಯಾಕ್ ಸ್ಪೀಕರ್ ಒಂದೇ ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 98 ಡೆಸಿಬೆಲ್ ಸದ್ದು ಕೊಡುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರು ಬಾಗಿಲು ಬಡಿಯಲು ಅಷ್ಟು ಧಾರಾಳವಾಗಿ ಸಾಕು.

ನನ್ನ ಲೆಕ್ಕ ಹೀಗಿದೆ. ಮನೆಯಲ್ಲಿ ನುಡಿಸುವವರಿಗೆ 1ರಿಂದ 5 ವ್ಯಾಟ್. ಡ್ರಮ್ಸ್ ಜೊತೆ ಪ್ರಾಕ್ಟೀಸ್, ಪಬ್‌ಗಳಲ್ಲಿ ಕಾರ್ಯಕ್ರಮ ಅಂತಿದ್ದರೆ 15ರಿಂದ 20 ವ್ಯಾಟ್. ದೊಡ್ಡ ವೇದಿಕೆಯಲ್ಲಿ ಹೇಗೂ ಆಂಪಿನ ಮುಂದೆ ಮೈಕ್ ಇಟ್ಟು ಪಿಎ ಮೂಲಕವೇ ಸದ್ದು ಹೊರಡಿಸುತ್ತಾರೆ, ಅಲ್ಲಿಗೂ ಅದೇ 20 ವ್ಯಾಟ್ ನಡೆಯುತ್ತದೆ. 100 ವ್ಯಾಟ್ ಹೆಡ್ ಕೊಂಡು ವಾಲ್ಯೂಮನ್ನು ಒಂದರ ಮೇಲೆ ಏರಿಸಲಾಗದೆ ಇಟ್ಟುಕೊಂಡರೆ, ನೀವು ದುಡ್ಡು ಕೊಟ್ಟು ತಂದ ಆ ಸ್ವರ ನಿಮಗೆ ಒಂದು ದಿನವೂ ಸಿಗುವುದಿಲ್ಲ.

2. ಒಂದು ರೆಕಾರ್ಡ್ ಆರಿಸಿ, ಅದರ ಮನೆತನ ಹಿಡಿಯಿರಿ

‘ಕ್ಲಾಸಿಕ್ ರಾಕ್ ಟೋನ್’ ಎಂಬ ಒಂದೇ ವಸ್ತು ಇಲ್ಲ. ನೀವು ನೂರು ಸಲ ಕೇಳಿದ ಸೋಲೊ ಯಾವುದು? ಅದನ್ನು ನುಡಿಸಿದವರ ಕೈಯಲ್ಲಿ ಯಾವ ಆಂಪ್ ಇತ್ತು? ಅಲ್ಲಿಂದ ಶುರು ಮಾಡಿ.

ಮಾರ್ಷಲ್ ಮನೆತನದ ಮೂಲ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿದ್ದ ಜಿಮ್ ಮಾರ್ಷಲ್ ಅವರ ಅಂಗಡಿ. ಡ್ರಮ್ಸ್ ಕಲಿಸುತ್ತಿದ್ದ, ಮಾರುತ್ತಿದ್ದ ಮನುಷ್ಯ ಅವರು. ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಜೊತೆ ಸೇರಿ 1962ರಲ್ಲಿ ಅಮೆರಿಕದ ಫೆಂಡರ್ ಬ್ಯಾಸ್‌ಮನ್ ಸರ್ಕ್ಯೂಟನ್ನು ಆಧಾರವಾಗಿಟ್ಟುಕೊಂಡು ಜೆಟಿಎಂ 45 ಕಟ್ಟಿದರು. ಆದರೆ ಮೊದಲ ಹಂತಕ್ಕೆ ಹೆಚ್ಚು ಗೇನ್ ಇರುವ ಇಸಿಸಿ 83 ಟ್ಯೂಬ್ ಬಂತು, ಹಿಂಭಾಗ ತೆರೆದಿದ್ದ ಪೆಟ್ಟಿಗೆಯ 10 ಇಂಚಿನ ಸ್ಪೀಕರ್‌ಗಳ ಬದಲು ಮುಚ್ಚಿದ ಪೆಟ್ಟಿಗೆಯಲ್ಲಿ 12 ಇಂಚಿನ ನಾಲ್ಕು ಸೆಲೆಸ್ಟಿಯನ್‌ಗಳು ಬಂದವು. ಇಷ್ಟರಲ್ಲೇ ಸ್ವಭಾವ ಬೇರೆಯಾಯಿತು. ಅದರ ಕಾಂಬೊ ರೂಪವೇ ಕ್ಲ್ಯಾಪ್ಟನ್ ನುಡಿಸಿದ್ದು. ಇನ್ನೂ ಜೋರು ಬೇಕೆಂದು ‘ದಿ ಹೂ’ ತಂಡದ ಪೀಟ್ ಟೌನ್‌ಶೆಂಡ್ ಒತ್ತಾಯಿಸಿದ್ದರಿಂದ 1965ರಲ್ಲಿ 100 ವ್ಯಾಟ್ ಹೆಡ್ ಬಂತು. ಮುಂದೆ ಅದಕ್ಕೆ ಇಎಲ್ 34 ಟ್ಯೂಬ್‌ಗಳು ಬಂದು, ಹೆಂಡ್ರಿಕ್ಸ್‌ರಿಂದ ವ್ಯಾನ್ ಹೇಲನ್‌ವರೆಗೆ ಕೇಳುವ ‘ಪ್ಲೆಕ್ಸಿ’ ನಾದವಾಯಿತು. ಇಲ್ಲೊಂದು ಎಚ್ಚರಿಕೆ: ಮಾರ್ಷಲ್‌ನಲ್ಲಿ 1959, 1962, 1987 ಎಂಬವು ಮಾಡೆಲ್ ಸಂಖ್ಯೆಗಳು, ಇಸವಿಗಳಲ್ಲ. ಸೆಕೆಂಡ್ ಹ್ಯಾಂಡ್ ಜಾಹೀರಾತು ಓದುವಾಗ ಇದು ನೆನಪಿರಲಿ.

ವಾಕ್ಸ್ ಎಸಿ 30 ಮನೆತನದಲ್ಲಿ ನಾಲ್ಕು ಇಎಲ್ 84 ಟ್ಯೂಬ್‌ಗಳಿವೆ. ಮೇಲಿನ ಸ್ವರಗಳು ಮಿನುಗುತ್ತವೆ, ಒತ್ತಿ ನುಡಿಸಿದರೆ ಹಾಡುತ್ತವೆ. ‘ಕ್ವೀನ್’ ತಂಡದ ಬ್ರಯಾನ್ ಮೇ ತಂದೆಯ ಜೊತೆ ಕೂತು ತಾವೇ ಕಟ್ಟಿದ ಗಿಟಾರನ್ನು ಟ್ರೆಬಲ್ ಬೂಸ್ಟರ್ ಮೂಲಕ ಇದಕ್ಕೇ ಹಾಯಿಸುತ್ತಾರೆ. ಫೆಂಡರ್ ಟ್ವೀಡ್ ಡಿಲಕ್ಸ್‌ನಲ್ಲಿ ಎರಡೇ ಎರಡು 6ವಿ6. ಅದರ ಸದ್ದು ಬೇಗ ಒಡೆಯುತ್ತದೆ, ಒರಟಾಗಿ ಗುರುಗುಡುತ್ತದೆ. ನೀಲ್ ಯಂಗ್ ಲೀಡ್ ನಿಮ್ಮ ಮನಸ್ಸಿನಲ್ಲಿದ್ದರೆ ಬೇರೆ ಕಡೆ ನೋಡಲೇಬೇಡಿ.

3. ಪವರ್ ಟ್ಯೂಬ್ ಹೆಸರು ಓದಿ

ಜಾಹೀರಾತಿನ ವರ್ಣನೆಗಿಂತ ಇದು ಹೆಚ್ಚು ಹೇಳುತ್ತದೆ. ಇಎಲ್ 34 ಎಂದರೆ ಮಿಡ್ ಮುಂದೆ, ಅಂಚು ಖಾರ. ಇಎಲ್ 84 ಎಂದರೆ ಮಿನುಗು, ಬೇಗ ಬಿರುಸಾಗುವ ಗುಣ. 6ಎಲ್6 ಎಂದರೆ ಅಗಲವಾದ ಬಾಸ್, ತಡವಾಗಿ ಒಡೆಯುವ ಶುಭ್ರ ಸದ್ದು. 6ವಿ6 ಅದರ ಪುಟ್ಟ, ಮೃದು ತಮ್ಮ. ಸರ್ಕ್ಯೂಟ್ ಇದನ್ನೆಲ್ಲ ಅಷ್ಟಿಷ್ಟು ಬದಲಿಸುತ್ತದೆ ನಿಜ, ಆದರೂ ದಿಕ್ಕು ತಪ್ಪುವುದಿಲ್ಲ.

4. ಗೇನ್ ಇಳಿಸಿ, ಮಿಡ್ ಏರಿಸಿ

ಹಳೆಯ ರೆಕಾರ್ಡುಗಳಲ್ಲಿ ನಾವು ಊಹಿಸುವುದಕ್ಕಿಂತ ಗೇನ್ ಬಹಳ ಕಡಿಮೆ. ‘ಎಸಿ/ಡಿಸಿ’ಯ ಆಂಗಸ್ ಯಂಗ್ ನುಡಿಸಿದ್ದನ್ನು ಹೆಡ್‌ಫೋನ್ ಹಾಕಿ ಕೇಳಿ, ಕಾರ್ಡಿನ ಒಂದೊಂದು ತಂತಿಯೂ ಬೇರೆಬೇರೆಯಾಗಿ ಕಿವಿಗೆ ಬೀಳುತ್ತದೆ. ಗೇನ್ ವಿಪರೀತವಾದರೆ ಪಿಕ್ ತಾಗಿದ ಸದ್ದು ಮುಳುಗಿ, ಮೆಲ್ಲಗೆ ನುಡಿಸಿದ್ದಕ್ಕೂ ಬಾರಿಸಿದ್ದಕ್ಕೂ ವ್ಯತ್ಯಾಸವೇ ಇಲ್ಲವಾಗುತ್ತದೆ.

ಮಿಡ್ ತೆಗೆದು ಬಾಸ್, ಟ್ರೆಬಲ್ ತುಂಬಿದರೆ ಒಬ್ಬರೇ ಕೂತಾಗ ಭರ್ಜರಿ. ತಂಡದಲ್ಲಿ ಬಾಸ್ ಗಿಟಾರ್ ಕೆಳಗಿನ ಜಾಗ ಹಿಡಿಯುತ್ತದೆ, ಸಿಂಬಲ್‌ಗಳು ಮೇಲಿನ ಜಾಗ ಹಿಡಿಯುತ್ತವೆ, ನಿಮ್ಮ ಸೋಲೊ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಲೀಡ್ ಬದುಕುವುದು ಮಿಡ್‌ನಲ್ಲಿ. ಮಿಡ್ ನಾಬ್ ಇಲ್ಲದ ಆಂಪ್ ಆದರೆ ಬಾಸ್ ಇಳಿಸಿ ನೋಡಿ.

5. ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ

ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್ ಒಯ್ಯಿರಿ. ಪೆಡಲ್ ಬೇಡ, ರಿವರ್ಬ್ ಬೇಡ. ಟೋನ್ ನಾಬ್‌ಗಳೆಲ್ಲ ನಡುವೆ ಇರಲಿ. ಗಿಟಾರಿನ ವಾಲ್ಯೂಮ್ ಪೂರ್ತಿ ತೆರೆದು, ಕಾರ್ಡ್ ಬಾರಿಸಿದಾಗ ಅಂಚು ಒಡೆಯುವವರೆಗೆ ಆಂಪನ್ನು ಏರಿಸುತ್ತ ಹೋಗಿ. ಈಗ ಗಿಟಾರಿನ ವಾಲ್ಯೂಮನ್ನು 6ಕ್ಕೆ ಇಳಿಸಿ. ಒಳ್ಳೆಯ ಆಂಪ್ ತಿಳಿಯಾಗುತ್ತದೆ, ಆದರೆ ಮಂಕಾಗುವುದಿಲ್ಲ. ಬ್ರಯಾನ್ ಮೇ ಆಂಪ್ ವಾಲ್ಯೂಮ್ ಪೂರ್ತಿ ಇಟ್ಟು ಇಡೀ ಕಾರ್ಯಕ್ರಮವನ್ನು ಗಿಟಾರಿನ ನಾಬ್‌ನಿಂದಲೇ ನಡೆಸುವುದು ಈ ಗುಣದ ಬಲದ ಮೇಲೆ.

ಆಮೇಲೆ ವಾಲ್ಯೂಮ್ ಮತ್ತೆ ಪೂರ್ತಿ ತೆರೆದು, ಮೂರನೇ ತಂತಿಯನ್ನು ಹನ್ನೆರಡನೇ ಫ್ರೆಟ್‌ನ ಸುತ್ತ ಒಂದು ಸ್ವರದಷ್ಟು ಬೆಂಡ್ ಮಾಡಿ ಹಿಡಿದುಕೊಳ್ಳಿ. ಕಿವಿಗೊಟ್ಟು ಕೇಳಿ. ಸ್ವರ ಸಾಯುತ್ತ ಹೋಗುವಾಗ ಗರಗರ ಎಂದು ತುಂಡಾಗುತ್ತದೆಯೇ, ಅಥವಾ ಒರಟುತನ ಕರಗಿ ಶುದ್ಧ ಸ್ವರವಾಗಿ ಇಳಿಯುತ್ತದೆಯೇ? ಪಿಕ್ ಬಿಟ್ಟು ಬೆರಳ ತುದಿಯಿಂದ ಅದನ್ನೇ ನುಡಿಸಿ. ಬೆರಳಿಗೂ ಪಿಕ್ಕಿಗೂ ಆಂಪ್ ಬೇರೆಬೇರೆ ಉತ್ತರ ಕೊಟ್ಟರೆ ಅದು ನಿಮ್ಮ ಮಾತು ಕೇಳುವ ಆಂಪ್. ಬಹುಪಾಲು ತೀರ್ಮಾನವನ್ನು ಇಲ್ಲೇ ಮಾಡಬಹುದು.

ಕೊನೆಯದಾಗಿ, ಮನೆಯಲ್ಲಿ ನುಡಿಸುವ ಮಟ್ಟಕ್ಕೆ ಸದ್ದು ತಗ್ಗಿಸಿ ಇದೆಲ್ಲವನ್ನೂ ಇನ್ನೊಮ್ಮೆ ಮಾಡಿ. ಸದ್ದು ಕಡಿಮೆಯಾದಂತೆ ನಮ್ಮ ಕಿವಿಗೆ ಬಾಸ್ ಸೊರಗಿ ಕೇಳುತ್ತದೆ. ಅಲ್ಲಿಯೂ ಇಷ್ಟವಾದರೆ ಕೊಳ್ಳಿ.

6. ಮಾಸ್ಟರ್ ವಾಲ್ಯೂಮ್, ಅಟೆನ್ಯುಯೇಟರ್: ಎರಡರ ಮಿತಿಯನ್ನೂ ಅರಿಯಿರಿ

ಮಾರ್ಷಲ್ 1975ರಲ್ಲಿ 2203 ಮಾಡೆಲ್ಲಿಗೆ ಮಾಸ್ಟರ್ ವಾಲ್ಯೂಮ್ ಕೊಟ್ಟಿತು. ಅದೇ ಸರ್ಕ್ಯೂಟ್ 1981ರಲ್ಲಿ ಜೆಸಿಎಂ 800 ಹೆಸರಿನಲ್ಲಿ ಜನಪ್ರಿಯವಾಯಿತು. ಇದರಲ್ಲಿ ಒಡಕು ಪ್ರಿ-ಆಂಪ್ ಟ್ಯೂಬ್‌ಗಳಲ್ಲಿ ಹುಟ್ಟುತ್ತದೆ, ಸದ್ದು ಕಡಿಮೆ ಇಟ್ಟುಕೊಳ್ಳಬಹುದು. ಎಪ್ಪತ್ತರ ದಶಕದ ಕೊನೆಯ, ಎಂಬತ್ತರ ಗಡುಸು ಲೀಡ್‌ಗೆ ಇದು ಸರಿ. ಅರವತ್ತರ ದಶಕದ ದುಂಡು ಸ್ವರಕ್ಕೆ ಪವರ್ ಟ್ಯೂಬ್‌ಗಳೇ ದುಡಿಯಬೇಕು.

ಆಗ ಬೇಕಾಗುವುದು ಅಟೆನ್ಯುಯೇಟರ್. ಆಂಪಿಗೂ ಸ್ಪೀಕರಿಗೂ ನಡುವೆ ಕೂತು ಇದು ಶಕ್ತಿಯ ಬಹುಭಾಗವನ್ನು ಶಾಖವಾಗಿಸುತ್ತದೆ. ಕೆಲವು ಡೆಸಿಬೆಲ್ ಇಳಿಸುವಾಗ ಸ್ವರ ಉಳಿಯುತ್ತದೆ, ಪಿಸುಮಾತಿನ ಮಟ್ಟಕ್ಕೆ ಇಳಿಸಿದರೆ ಸ್ಪೀಕರ್ ಕೋನ್ ಅಲುಗುವುದೇ ಇಲ್ಲ, ಜೀವ ಹೋಗುತ್ತದೆ. 100 ವ್ಯಾಟ್ ಹೆಡ್ ಜೊತೆಗೊಂದು ಅಟೆನ್ಯುಯೇಟರ್ ಕೊಳ್ಳುವುದಕ್ಕಿಂತ ಸಣ್ಣ ಆಂಪ್ ಕೊಳ್ಳುವುದೇ ಜಾಣತನ. ಮಾರ್ಷಲ್ ಎಸ್‌ವಿ 20ರಲ್ಲಿ ಎರಡು ಇಎಲ್ 34 ಇವೆ, 20ರಿಂದ 5 ವ್ಯಾಟ್‌ಗೆ ಇಳಿಸುವ ಸ್ವಿಚ್ ಇದೆ. ವಾಕ್ಸ್ ಕಡೆ ಒಲವಿದ್ದರೆ ಎಸಿ 15. ಇವತ್ತು ಹೊಸದಾಗಿ ಕೊಳ್ಳುವವರಿಗೆ ನಾನು ಮೊದಲು ಹೇಳುವ ಹೆಸರುಗಳು ಇವೆರಡು.

7. ಸ್ಪೀಕರ್ ಅರ್ಧ ಆಂಪ್

ಟ್ಯೂಬ್ ಬದಲಿಸಿ ಕೂದಲೆಳೆ ವ್ಯತ್ಯಾಸ ಹುಡುಕುವವರು ಸ್ಪೀಕರ್ ಬದಲಿಸಿ ನೋಡಿದರೆ ಬೆರಗಾಗುತ್ತಾರೆ. 25 ವ್ಯಾಟಿನ ಗ್ರೀನ್‌ಬ್ಯಾಕ್ ಬೇಗ ದಣಿಯುತ್ತದೆ, ಆ ದಣಿವೇ ಕ್ಲಾಸಿಕ್ ರಾಕ್‌ನ ಮಾಧುರ್ಯ. ಸೆಲೆಸ್ಟಿಯನ್ ಕಂಪನಿಯದೇ ವಿಂಟೇಜ್ 30, ಹೆಸರಿಗೆ 30 ಇದ್ದರೂ ತಾಳುವುದು 60 ವ್ಯಾಟ್. ಸದ್ದು ಜೋರು, ಮೇಲಿನ ಮಿಡ್ ಚುರುಕು. ಹಿಂಭಾಗ ಮುಚ್ಚಿದ ಕ್ಯಾಬಿನೆಟ್ ಸದ್ದನ್ನು ನೇರ ಎದುರಿಗೆ ಎಸೆಯುತ್ತದೆ, ತೆರೆದದ್ದು ಕೋಣೆಯೆಲ್ಲ ಹರಡುತ್ತದೆ.

ಆಂಪಿನ ಹಿಂದಿರುವ 4, 8, 16 ಓಮ್ ಗುರುತನ್ನು ಕ್ಯಾಬಿನೆಟ್ಟಿನ ಗುರುತಿಗೆ ಹೊಂದಿಸಿ. ಸ್ಪೀಕರ್ ಜೋಡಿಸದೆ ಟ್ಯೂಬ್ ಹೆಡ್ಡನ್ನು ಎಂದೂ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಜೋಡಿಸಲು ಸ್ಪೀಕರ್ ಕೇಬಲ್ಲೇ ಬೇಕು. ಗಿಟಾರ್ ಕೇಬಲ್ ನೋಡಲು ಅದರಂತೆಯೇ ಇದ್ದರೂ ಆ ಕೆಲಸಕ್ಕೆ ಬರುವುದಿಲ್ಲ.

8. ಒಂದು ಪೆಡಲ್‌ಗೆ ದುಡ್ಡು ಉಳಿಸಿ

ಸೋಲೊ ಬಂದಾಗ ಒಂದು ಮೆಟ್ಟಿಲು ಏರಲು ಬೂಸ್ಟರ್ ಸಾಕು. ಬ್ರಯಾನ್ ಮೇ, ರೋರಿ ಗ್ಯಾಲಹರ್, ಟೋನಿ ಐಯೊಮಿ ಮೂವರೂ ಟ್ರೆಬಲ್ ಬೂಸ್ಟರ್‌ನಿಂದಲೇ ಆಂಪನ್ನು ಕೆಣಕಿದವರು. ಈಗಾಗಲೇ ದುಡಿಯುತ್ತಿರುವ ಆಂಪಿಗೆ ಬೂಸ್ಟ್ ಕೊಟ್ಟರೆ ಜೋರಾಗುವುದಕ್ಕಿಂತ ಹೆಚ್ಚಾಗಿ ದಪ್ಪವಾಗುತ್ತದೆ.

9. ಕರೆಂಟಿನ ವಿಷಯದಲ್ಲಿ ರಾಜಿ ಬೇಡ

ಅಮೆರಿಕದಿಂದ ಊರಿಗೆ ಮರಳುವ ಕನ್ನಡಿಗರು ಅಲ್ಲಿನ ಆಂಪ್ ತರುವುದುಂಟು. ಅದು 120 ವೋಲ್ಟಿನದು, ನಮ್ಮದು 230. ಹಿಂದಿನ ಪ್ಯಾನೆಲ್ ಓದಿ, ವೋಲ್ಟೇಜ್ ಬದಲಿಸುವ ಅನುಕೂಲ ಇಲ್ಲದಿದ್ದರೆ ಧಾರಾಳ ಸಾಮರ್ಥ್ಯದ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕವೇ ಹಾಕಿ. ವೋಲ್ಟೇಜ್ ಏರಿಳಿಯುವ ಊರುಗಳಲ್ಲಿ ಸ್ಟೆಬಿಲೈಜರ್ ಇರಲಿ. ಎಡ್ಡಿ ವ್ಯಾನ್ ಹೇಲನ್ ವೇರಿಯಾಕ್ ಇಟ್ಟು ಮಾರ್ಷಲ್‌ಗೆ ಕಡಿಮೆ ವೋಲ್ಟೇಜ್ ಕೊಡುತ್ತಿದ್ದರು ಎಂದು ಓದಿ ಅದನ್ನೇ ಮಾಡಹೋಗಬೇಡಿ. ಪವರ್ ತಗ್ಗಿಸುವ ಸ್ವಿಚ್ ಇರುವ ಆಂಪ್ ಇದ್ದರೆ ಆ ಕೆಲಸವನ್ನು ಅದೇ ಮಾಡುತ್ತದೆ.

ಅರ್ಥಿಂಗ್ ಸರಿಯಿರುವ ಮೂರು ಪಿನ್ನಿನ ಪಾಯಿಂಟ್ ಕಡ್ಡಾಯ. ನಿಮ್ಮ ಬೆರಳು ತಂತಿಯ ಮೇಲಿರುತ್ತದೆ, ತಂತಿ ಆಂಪಿನ ಚಾಸಿಗೆ ಸೇರಿರುತ್ತದೆ. ಒಳಗೆ ನೂರಾರು ವೋಲ್ಟಿನ ಡಿಸಿ ಓಡುತ್ತಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ನಿಂತಿರಬಹುದು. ತಿಳಿದವರ ಹೊರತು ಯಾರೂ ಚಾಸಿ ಬಿಚ್ಚಬಾರದು.

10. ಕೊಳ್ಳುವ ಮೊದಲು ರಿಪೇರಿಯವರನ್ನು ಹುಡುಕಿ

ಒಂದು ಕಾಲಕ್ಕೆ ಬೆಂಗಳೂರೇ ವಾಲ್ವ್‌ಗಳ, ಅಂದರೆ ಈ ಟ್ಯೂಬ್‌ಗಳ, ಊರು. ಜಾಲಹಳ್ಳಿಯ ಬಿಇಎಲ್ ಅರವತ್ತರ ದಶಕದಿಂದ ರೇಡಿಯೊ ವಾಲ್ವ್‌ಗಳನ್ನು ತಯಾರಿಸಿತು. ಅಲ್ಲಿನ ಇಎಲ್ 84ಗಳನ್ನು ಇಂದಿಗೂ ಹಳೆಯ ಸರಕು ಸಂಗ್ರಹಿಸುವವರು ಹುಡುಕುತ್ತಾರೆ. ಈಗ ಹೊಸ ಟ್ಯೂಬ್ ಬೇಕೆಂದರೆ ಸ್ಲೊವಾಕಿಯಾ, ರಷ್ಯಾ, ಚೀನಾಗಳಿಂದಲೇ ಬರಬೇಕು. ಹಾಗಾಗಿ ಪವರ್ ಟ್ಯೂಬ್‌ಗಳ ಒಂದು ಬಿಡಿ ಜೋಡಿ, ಒಂದೆರಡು ಇಸಿಸಿ 83 ಆಂಪಿನ ಜೊತೆಗೇ ತಂದಿಟ್ಟುಕೊಳ್ಳಿ. ವಾಲ್ವ್ ರೇಡಿಯೊ ರಿಪೇರಿ ಮಾಡಿದ ಹಿರಿಯ ಮೆಕ್ಯಾನಿಕ್ ನಿಮ್ಮ ಊರಿನಲ್ಲಿದ್ದರೆ ಪರಿಚಯ ಮಾಡಿಕೊಳ್ಳಿ, ಸರ್ಕ್ಯೂಟ್ ನಕ್ಷೆ ಕೊಟ್ಟರೆ ಅವರಿಗೆ ಗಿಟಾರ್ ಆಂಪ್ ಅಪರಿಚಿತವಲ್ಲ.

ಫಿಕ್ಸೆಡ್ ಬಯಾಸ್ ಆಂಪಿನಲ್ಲಿ, ಮಾರ್ಷಲ್ ಹೆಡ್‌ಗಳು ಬಹುಪಾಲು ಹೀಗೆಯೇ, ಪವರ್ ಟ್ಯೂಬ್ ಬದಲಿಸಿದಾಗ ಬಯಾಸ್ (ನುಡಿಸದಿದ್ದಾಗಲೂ ಟ್ಯೂಬಿನಲ್ಲಿ ಹರಿಯುವ ಕರೆಂಟಿನ ಮಟ್ಟ) ಹೊಂದಿಸಲೇಬೇಕು. ಎಸಿ 30ರಂಥ ಕ್ಯಾಥೋಡ್ ಬಯಾಸ್ ಆಂಪಿನಲ್ಲಿ ಆ ರಗಳೆ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅರ್ಧ ಗಂಟೆ ಉರಿಯಲು ಬಿಡಿ. ಸದ್ದು ಕುಗ್ಗುತ್ತದೆಯೇ, ಗುಂಯ್ ಎನ್ನುವುದು ಹೆಚ್ಚುತ್ತದೆಯೇ, ಪವರ್ ಟ್ಯೂಬಿನೊಳಗಿನ ಲೋಹದ ಹೊದಿಕೆ ಕೆಂಪಗೆ ಕಾಯುತ್ತಿದೆಯೇ ನೋಡಿ. ಕೆಂಪಾದರೆ ತಕ್ಷಣ ಆರಿಸಿ, ರಿಪೇರಿಯ ಖರ್ಚನ್ನು ಮೆಕ್ಯಾನಿಕ್ ಬಾಯಿಂದಲೇ ಕೇಳಿ ತಿಳಿದು, ಆಮೇಲೆ ಬೆಲೆಯ ಮಾತಿಗೆ ಕೂರಿ.