ಅಂಗಡಿಗೆ ಹೋಗುವ ಮುಂಚೆ ಟಿವಿಯ ಹಿಂಭಾಗ ನೋಡಿ

ಪ್ರಶ್ನೆ: ನಮ್ಮ ಮದುವೆಯದೂ ಸೇರಿ ಹಳೆಯ ಡಿವಿಡಿಗಳು ಬಹಳ ಇವೆ. ಪ್ಲೇಯರ್ ಕೆಟ್ಟಿದೆ. ಪ್ರೊಗ್ರೆಸಿವ್ ಸ್ಕ್ಯಾನ್ ಇರುವುದನ್ನೇ ತೆಗೆದುಕೊಳ್ಳಿ ಎನ್ನುತ್ತಾರೆ ಅಂಗಡಿಯವರು. ಹೆಚ್ಚು ದುಡ್ಡು ಕೊಡಬಹುದೇ?

ಉತ್ತರ: ನಿಮ್ಮ ಟಿವಿಯ ಹಿಂದೆ ಹಳದಿ, ಬಿಳಿ, ಕೆಂಪು ಪಿನ್ನಿನ ಜಾಗ ಮಾತ್ರ ಇದೆಯೇ? ಹಾಗಿದ್ದರೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ. ಹಳದಿ ವೈರಿನಲ್ಲಿ ಪ್ರೊಗ್ರೆಸಿವ್ ಚಿತ್ರ ಬರುವುದೇ ಇಲ್ಲ. ಅದಕ್ಕೆ ಹಸಿರು, ನೀಲಿ, ಕೆಂಪು ಪಿನ್ನುಗಳ ಕಾಂಪೊನೆಂಟ್ ಕೇಬಲ್ ಅಥವಾ ಎಚ್‌ಡಿಎಂಐ ಬೇಕು.

ಪಾಲ್ ಮಾದರಿಯ ಡಿವಿಡಿಯ ಚಿತ್ರದಲ್ಲಿ 576 ಗೆರೆ, ಎನ್‌ಟಿಎಸ್‌ಸಿ ಮಾದರಿಯದರಲ್ಲಿ 480. ಸಾಮಾನ್ಯ ಪ್ಲೇಯರ್ ಬೆಸ ಗೆರೆ, ಸಮ ಗೆರೆಗಳನ್ನು ಸರದಿಯಲ್ಲಿ ಕಳಿಸಿದರೆ ಪ್ರೊಗ್ರೆಸಿವ್ ಸ್ಕ್ಯಾನ್ ಪ್ಲೇಯರ್ ಒಟ್ಟಿಗೆ ಕಳಿಸುತ್ತದೆ. ಎಲ್‌ಇಡಿ ಟಿವಿ ಆ ಗೆರೆಗಳ ಜೋಡಣೆಯನ್ನು ತಾನೇ ಮಾಡಿಕೊಳ್ಳುತ್ತದೆ. ಮಸುಕಾಗಿ ತೆಗೆದ ಧಾರೆಯ ದೃಶ್ಯವಂತೂ ಯಾವ ಪ್ಲೇಯರಿನಲ್ಲೂ ಎಚ್‌ಡಿ ಆಗದು!

ಟಿವಿಯಲ್ಲಿ ಎಚ್‌ಡಿಎಂಐ ಇದ್ದರೆ ಅದೇ ಇರುವ ಪ್ಲೇಯರ್ ಕೊಳ್ಳಿ. ಅಂಗಡಿಗೆ ನಿಮ್ಮದೇ ಡಿಸ್ಕ್ ಒಯ್ದು, ಓಡಿಸಿ ನೋಡಿಯೇ ಬಿಲ್ ಮಾಡಿಸಿ.

ಇದಕ್ಕಿಂತ ತುರ್ತಿನ ಕೆಲಸವೊಂದಿದೆ. ಸ್ಟುಡಿಯೊದವರು ರೈಟ್ ಮಾಡಿಕೊಟ್ಟ ಡಿಸ್ಕುಗಳು ವರ್ಷ ಕಳೆದಂತೆ ಹಾಳಾಗುತ್ತವೆ. ಮದುವೆಯದನ್ನು ಮೊದಲು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿಸಿ. ಕಂಪ್ಯೂಟರ್ ಓದದಿದ್ದರೆ ಉಜ್ಜಲು ಹೋಗದೆ ಡೇಟಾ ರಿಕವರಿ ಮಾಡುವವರಿಗೆ ಕೊಡಿ.