ರಿಪೋರ್ಟಿನ ದಪ್ಪಕ್ಷರಕ್ಕೆ ಹೆದರಬೇಡಿ

ಹತ್ತಾರು ಟೆಸ್ಟುಗಳ ಪ್ಯಾಕೇಜು, ಜೊತೆಗೆ ‘ನಿಮಗೆಂದೇ’ ಆಹಾರಪಟ್ಟಿ ಎಂಬ ಜಾಹೀರಾತು ಕಂಡು ರಕ್ತ ಕೊಡುವ ಮುನ್ನ ಒಂದು ಮಾತು. ಲ್ಯಾಬಿನ ‘ನಾರ್ಮಲ್’ ಮಿತಿಯನ್ನು ಸಾಮಾನ್ಯವಾಗಿ 100 ಆರೋಗ್ಯವಂತರಲ್ಲಿ 95 ಮಂದಿ ಒಳಗೆ ಬರುವಂತೆ ಗೊತ್ತುಮಾಡಿರುತ್ತಾರೆ. ಹಾಗಾಗಿ ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟು ಮಾಡಿಸಿದರೆ, ಗಟ್ಟಿಮುಟ್ಟಾಗಿರುವವರಿಗೂ ಒಂದಾದರೂ ಏರುಪೇರು ದಪ್ಪಕ್ಷರದಲ್ಲಿ ಕಾಣುವ ಸಾಧ್ಯತೆ ಸುಮಾರು ಶೇ. 64. ಕಂಗಾಲಾಗಬೇಡಿ, ಅದರ ಬೆನ್ನಿಗೇ ಮಾರುವ ಸಪ್ಲಿಮೆಂಟ್ ಡಬ್ಬಿಗೆ ಕೈಚಾಚಲೂಬೇಡಿ.

ಆಹಾರದ ಅಲರ್ಜಿ ಪತ್ತೆಗೆಂದು ಮಾರುವ ಐಜಿಜಿ (IgG ಪ್ರತಿಕಾಯ) ರಕ್ತಪರೀಕ್ಷೆ ನಂಬಿ ಹಾಲು, ಗೋಧಿ ಬಿಡಬೇಡಿ. ಅದು ತಿಂದದ್ದರ ಗುರುತೇ ಹೊರತು ಅಲರ್ಜಿಗೆ ಪುರಾವೆಯಲ್ಲ.

ಮೊದಲು ಪರಿಚಯದ ವೈದ್ಯರ ಬಳಿ ಕೂತು ನಿಮ್ಮ ವಯಸ್ಸು, ತೊಂದರೆ, ಮನೆತನದ ಕಾಯಿಲೆಗಳನ್ನು ಹೇಳಿ. ಪ್ರತಿ ಟೆಸ್ಟಿಗೂ ಕೇಳಿ: ‘ಇದರ ಫಲಿತಾಂಶದಿಂದ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?’ ಉತ್ತರ ಸಿಗದಿದ್ದರೆ ಆ ಟೆಸ್ಟು ನಿಮಗೆ ಬೇಡ.